ತುರ್ಕಿಯ ಪಾಠ ಮೊದಲು ಶಿಕ್ಷಕರಿಗಾಗಲಿ

ನಮ್ಮ ರಾಜ್ಯದ ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪಠ್ಯದಲ್ಲಿ, ಭಾರತಕ್ಕೆ ಯುರೋಪಿಯನ್ನರ ಆಗಮನವನ್ನು ವಿವರಿಸುವ ಅಧ್ಯಾಯಕ್ಕೆ ತುರ್ಕರೇ ಹೆಬ್ಬಾಗಿಲು. 1453ರಲ್ಲಿ ಉಸ್ಮಾನಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ವ್ಯಾಪಾರ ಮಾರ್ಗ ಅವರ ಹಿಡಿತಕ್ಕೆ ಬಂತು, ಆದ್ದರಿಂದ ಯುರೋಪಿಯನ್ನರು ಹೊಸ ಜಲಮಾರ್ಗವನ್ನು ಅರಸಿ ಹೊರಟರು ಎಂಬುದು ಅಲ್ಲಿನ ಸಾರ. ಅಷ್ಟು ಹೇಳಿ ಪಾಠವು ಪೋರ್ಚುಗೀಸರ ಹಡಗನ್ನೇರುತ್ತದೆ.

ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುವ ಖಾನಾಪುರದಂತಹ ಊರಿನ ತರಗತಿಯಲ್ಲಿ ಈ ಪಾಠ ನಡೆಯುವುದನ್ನು ಊಹಿಸಿಕೊಳ್ಳಿ. ನಮ್ಮ ಆಡುಮಾತಿನಲ್ಲಿ ‘ತುರ್ಕ’, ‘ತುರುಕ’ ಎಂಬುದು ಒಂದು ದೇಶದ ಜನರ ಹೆಸರಾಗಿ ಉಳಿದಿಲ್ಲ. ಮುಸ್ಲಿಮನನ್ನು, ಹೆಚ್ಚಾಗಿ ಹೀಗಳೆಯುವ ಧಾಟಿಯಲ್ಲಿ, ಕರೆಯುವ ಪದವಾಗಿದೆ. ಆ ಶಬ್ದ ಶಿಕ್ಷಕರ ಬಾಯಿಂದ ಬಂದೊಡನೆ ನಾಲ್ಕು ಮುಖಗಳು ಹಿಂದಿನ ಬೆಂಚಿನ ಮುಸ್ಲಿಮ್ ಹುಡುಗನತ್ತ ತಿರುಗಿದರೆ, ಐನೂರು ವರ್ಷಗಳ ಹಿಂದಿನ ಯಾವುದೋ ತಪ್ಪಿಗೆ ಅವನೇ ಹೊಣೆಗಾರನೆಂಬಂತೆ ಆತ ತಲೆ ತಗ್ಗಿಸಬೇಕಾಗುತ್ತದೆ. ಆ ಕ್ಷಣದಲ್ಲಿ ಶಿಕ್ಷಕರಿಗೆ ತುರ್ಕಿಯ ಬಗ್ಗೆ ಪಠ್ಯದ ಎರಡು ಸಾಲುಗಳಾಚೆ ಏನಾದರೂ ಗೊತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ.

ಗೊತ್ತಿದ್ದ ಶಿಕ್ಷಕರು ಏನು ಹೇಳಬಲ್ಲರು? ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಕೆಂಪು ಸಮುದ್ರದಿಂದ ಅಲೆಕ್ಸಾಂಡ್ರಿಯಾಕ್ಕೆ ಸಾಗುತ್ತಿದ್ದ ಸಾಂಬಾರ ಪದಾರ್ಥಗಳ ಪ್ರಮುಖ ಮಾರ್ಗ ಆಗ ಈಜಿಪ್ಟಿನ ಮಮ್ಲೂಕರ ಕೈಯಲ್ಲಿತ್ತು. ಉಸ್ಮಾನಿಗಳು ಈಜಿಪ್ಟನ್ನು ಗೆದ್ದದ್ದು 1517ರಲ್ಲಿ. ವೆನಿಸ್‌ನ ವರ್ತಕರಂತೂ 1453ರ ನಂತರವೂ ಇಸ್ತಾಂಬುಲ್‌ನಲ್ಲಿ ವ್ಯಾಪಾರ ಮುಂದುವರಿಸಿದ್ದರು. ಅಂದ ಮೇಲೆ, ದಾರಿ ಮುಚ್ಚಿದ ತುರ್ಕರು ಎಂಬ ಚಿತ್ರ ಅರೆಸತ್ಯ. 1492ರಲ್ಲಿ ಸ್ಪೇನ್ ತನ್ನ ಯಹೂದಿಯರನ್ನು ಹೊರದಬ್ಬಿದಾಗ ಅವರಿಗೆ ಆಶ್ರಯ ಕೊಟ್ಟದ್ದು ಇದೇ ತುರ್ಕರ ಸುಲ್ತಾನ ಎರಡನೆಯ ಬಾಯಜೀದ್. ಇಷ್ಟು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷದಲ್ಲಿ ಹಿಂದಿನ ಬೆಂಚಿನ ಹುಡುಗ ಮಾತ್ರವಲ್ಲ, ಇಡೀ ತರಗತಿಯೇ ತಲೆಯೆತ್ತಿ ಕುಳಿತುಕೊಳ್ಳುತ್ತದೆ.

ದೋಷವು ಸರಕಾರಿ ಪಠ್ಯದ್ದು ಮಾತ್ರವೆಂದು ಹೇಳಿ ನಾವು ನುಣುಚಿಕೊಳ್ಳುವಂತಿಲ್ಲ. ಈ ಲೇಖಕ ಮದ್ರಸದಲ್ಲಿ ಓದಿದಾಗ ಮುಸ್ತಫಾ ಕಮಾಲ್ ಪಾಶಾ ಎಂದರೆ ಖಿಲಾಫತ್ತನ್ನು ಕೆಡವಿದವರು. ಅವರ ಕುರಿತು ಬೇರೇನನ್ನೂ ಕೇಳಲಿಲ್ಲ. ಕೆಲವು ವರ್ಷಗಳ ನಂತರ ಕಲಾ ಪದವಿಯ ತರಗತಿಯಲ್ಲಿ ಕುಳಿತಾಗ ಅದೇ ಕಮಾಲ್ ಪಾಶಾ ಆಧುನಿಕ ತುರ್ಕಿಯ ಶಿಲ್ಪಿ. ಅಲ್ಲಿ ಖಿಲಾಫತ್ತಿನ ಅಂತ್ಯ ಒಂದು ಅಂಕದ ಪ್ರಶ್ನೆ. ಉಸ್ತಾದರಿಗೆ ಪ್ರಾಧ್ಯಾಪಕರ ಪುಸ್ತಕ ತಿಳಿದಿರಲಿಲ್ಲ, ಪ್ರಾಧ್ಯಾಪಕರಿಗೆ ಉಸ್ತಾದರ ವೇದನೆ ತಿಳಿದಿರಲಿಲ್ಲ. ಇಬ್ಬರೂ ಪ್ರಾಮಾಣಿಕರೇ. ಆದರೆ ಇಬ್ಬರ ಬಳಿಯೂ ಇದ್ದದ್ದು ಅರ್ಧ ತುರ್ಕಿ. ನಮ್ಮ ಮಕ್ಕಳು ಇಂದಿಗೂ ಈ ಎರಡು ಅರ್ಧಗಳ ನಡುವೆ ಬೆಳೆಯುತ್ತಿದ್ದಾರೆ.

ಅರಿವಿಲ್ಲದ ಅಭಿಮಾನವೂ ಹಾನಿ ಮಾಡಬಲ್ಲದು ಎಂಬುದಕ್ಕೆ ಆ ಇತಿಹಾಸದಲ್ಲೇ ಪಾಠವಿದೆ. 1923ರ ಕೊನೆಯಲ್ಲಿ ಭಾರತೀಯ ಮುಸ್ಲಿಮರ ಇಬ್ಬರು ನಾಯಕರಾದ ಆಗಾ ಖಾನ್ ಮತ್ತು ಅಮೀರ್ ಅಲಿ, ಖಲೀಫರ ಸ್ಥಾನಮಾನವನ್ನು ಕಾಪಾಡಬೇಕೆಂದು ಕೋರಿ ತುರ್ಕಿಯ ಪ್ರಧಾನಿ ಇಸ್ಮತ್ ಪಾಶಾರಿಗೆ ಲಂಡನ್ನಿನಿಂದ ಪತ್ರ ಬರೆದರು. ಅದು ಅಂಕಾರಾದ ಸರಕಾರವನ್ನು ತಲುಪುವ ಮುನ್ನವೇ ಇಸ್ತಾಂಬುಲ್‌ನ ಪತ್ರಿಕೆಗಳಲ್ಲಿ ಅಚ್ಚಾಯಿತು. ಬ್ರಿಟಿಷರೊಂದಿಗೆ ಹೋರಾಡಿ ಆಗಷ್ಟೇ ಉಸಿರು ಬಿಟ್ಟಿದ್ದ ಹೊಸ ಗಣರಾಜ್ಯಕ್ಕೆ ಅದು ಹೊರಗಿನವರ ಹಸ್ತಕ್ಷೇಪವಾಗಿ ಕಂಡಿತು. ಖಿಲಾಫತ್ತನ್ನು ಉಳಿಸಲೆಂದು ಬರೆದ ಪತ್ರವೇ ಅದರ ಅಂತ್ಯವನ್ನು ಹತ್ತಿರ ತಂದ ಕಾರಣಗಳಲ್ಲಿ ಒಂದಾಯಿತು. 1924ರ ಮಾರ್ಚ್ 3ರಂದು ತುರ್ಕಿಯ ಮಹಾಸಭೆ ಖಿಲಾಫತ್ತನ್ನು ರದ್ದುಪಡಿಸಿತು. ಪ್ರೀತಿ ಇತ್ತು. ಆ ದೇಶದ ಮನಸ್ಸಿನ ಪರಿಚಯ ಇರಲಿಲ್ಲ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಚರಿತ್ರೆ ಬೆಳಗಾವಿಯ ಅಂಗಳಕ್ಕೆ ಬಂತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಟಿಳಕವಾಡಿಯಲ್ಲಿ ನಡೆದದ್ದನ್ನು ಎಲ್ಲರೂ ಬಲ್ಲರು. ಅವರಿಗೆ ಮುನ್ನ ಆ ಪೀಠದಲ್ಲಿದ್ದವರು ಖಿಲಾಫತ್ ಚಳವಳಿಯ ನೇತಾರ ಮೌಲಾನಾ ಮುಹಮ್ಮದ್ ಅಲಿ. ಅದೇ ದಿನಗಳಲ್ಲಿ ಖಿಲಾಫತ್ ಸಮ್ಮೇಳನವೂ ಇದೇ ನಗರದಲ್ಲಿ ಸೇರಿತ್ತು. ಇಲ್ಲದ ಖಿಲಾಫತ್ತಿನ ಹೆಸರಿನಲ್ಲಿ ಸೇರಿದ ಆ ಜನರ ದಿಗ್ಭ್ರಮೆ ಎಂತಹುದಿದ್ದಿರಬೇಕು! 2024ರಲ್ಲಿ ಅಧಿವೇಶನದ ಶತಮಾನೋತ್ಸವ ಬಂತು. ಬೀದಿಗಳು ದೀಪಾಲಂಕಾರಗೊಂಡವು. ಆದರೆ ಆ ಸಮ್ಮೇಳನವನ್ನು ನೆನೆಯುವ ಉತ್ಸಾಹ ನಮ್ಮಲ್ಲಿಯೇ ಎಷ್ಟು ಮಂದಿಗಿತ್ತು? ಹಿಂದೂ ಮುಸ್ಲಿಮರು ಹೆಗಲಿಗೆ ಹೆಗಲು ಕೊಟ್ಟ ಒಂದು ಚಳವಳಿ ಹೇಗೆ ಎದ್ದಿತು, ಹೇಗೆ ಮುಗಿಯಿತು ಎಂಬುದನ್ನು ವೀರಸೌಧದ ಮುಂದೆ ಮಕ್ಕಳನ್ನು ನಿಲ್ಲಿಸಿ ಹೇಳಬಲ್ಲ ಶಿಕ್ಷಕರು ನಮಗೆ ಬೇಕಾಗಿದ್ದಾರೆ.

ಇನ್ನೂ ಹಿಂದೆ ಹೋದರೆ ಬೆಳಗಾವಿಯ ಕೋಟೆಯೇ ಪಾಠದ ಕೋಣೆ. 1472ರಲ್ಲಿ ಈ ಕೋಟೆಯನ್ನು ಬಹಮನಿ ರಾಜ್ಯಕ್ಕೆ ಗೆದ್ದುಕೊಟ್ಟ ಮಹಮೂದ್ ಗವಾನರು ಬೀದರಿನಲ್ಲಿ ಮದ್ರಸ ಕಟ್ಟಿದವರೂ ಹೌದು. ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ್ ಮುಹಮ್ಮದರೊಂದಿಗೆ ಪತ್ರವ್ಯವಹಾರ ನಡೆಸಿದವರೂ ಹೌದು. ಪಠ್ಯದ 1453ಕ್ಕೂ ನಮ್ಮ ಕೋಟೆಯ ಕಂದಕಕ್ಕೂ ನಡುವೆ ಒಬ್ಬನೇ ಮನುಷ್ಯನ ಅಂತರ.

ಶಾಲೆಯೂ ಮದ್ರಸವೂ ಬಿಟ್ಟ ತೆರವನ್ನು ಈಗ ತುಂಬುತ್ತಿರುವುದು ಮೊಬೈಲ್ ಪರದೆ. ಎರ್ತುಗ್ರುಲ್ ಧಾರಾವಾಹಿಯ ಉರ್ದು ಅವತರಣಿಕೆಯನ್ನು ನಮ್ಮ ಮನೆಗಳಲ್ಲಿ ಮೂರು ತಲೆಮಾರುಗಳು ಒಟ್ಟಿಗೆ ಕುಳಿತು ನೋಡಿವೆ. ಅಶ್ಲೀಲತೆಯಿಲ್ಲದ ಮನರಂಜನೆಯೆಂದು ಸಂತೋಷಪಡೋಣ. ಆದರೆ ಐತಿಹಾಸಿಕ ಎರ್ತುಗ್ರುಲ್ ಬಗ್ಗೆ ಸಮಕಾಲೀನ ದಾಖಲೆಗಳು ಅತ್ಯಲ್ಪ. ಉಳಿದದ್ದು ಕಥೆಗಾರರ ಕಲ್ಪನೆ. ಕುದುರೆ ಮತ್ತು ಖಡ್ಗವನ್ನೇ ಇತಿಹಾಸವೆಂದು ನಂಬಿದ ಮಗು ತುರ್ಕರ ಸೋಲುಗಳಿಂದ ಏನನ್ನೂ ಕಲಿಯದು.

ಕಲಿಯಬೇಕಾದದ್ದು ಸಾಕಷ್ಟಿದೆ. ಇಸ್ತಾಂಬುಲ್‌ನ ಯಹೂದಿಯರು ಹದಿನೈದನೆಯ ಶತಮಾನದ ಕೊನೆಗೇ ಮುದ್ರಣಾಲಯ ನಡೆಸುತ್ತಿದ್ದರೆ, ತುರ್ಕಿ ಭಾಷೆಯ ಪುಸ್ತಕಗಳನ್ನು ಅಚ್ಚುಹಾಕಲು ಇಬ್ರಾಹೀಮ್ ಮುತಫರ್ರಿಕಾರಿಗೆ ಅನುಮತಿ ಸಿಕ್ಕಿದ್ದು 1727ರಲ್ಲಿ, ಅದೂ ಧಾರ್ಮಿಕ ಗ್ರಂಥಗಳನ್ನು ಹೊರತುಪಡಿಸಿ. ಹೊಸ ವಿದ್ಯೆಯನ್ನು ಎರಡು ಶತಮಾನ ಬಾಗಿಲಲ್ಲೇ ನಿಲ್ಲಿಸಿದ ಸಮಾಜ ಎಷ್ಟು ಬೆಲೆ ತೆರಬೇಕಾಯಿತು! ಮತ್ತೊಂದು ತುದಿಯಲ್ಲಿ, ಆಧುನಿಕತೆಯ ಹೆಸರಿನಲ್ಲಿ 1932ರಿಂದ 1950ರವರೆಗೆ ಮಿನಾರಗಳಿಂದ ಅರಬಿ ಅಝಾನನ್ನೇ ಇಳಿಸಲಾಯಿತು. ಶಿರವಸ್ತ್ರ ಧರಿಸಿ ಬಂದ ಸಂಸದೆ ಮರ್ವೆ ಕವಾಕ್ಚಿಗೆ 1999ರಲ್ಲಿ ಪ್ರಮಾಣವಚನ ಸ್ವೀಕರಿಸಲು ಬಿಡಲಿಲ್ಲ. ಸರಕಾರಿ ಕಚೇರಿಗಳಲ್ಲಿ ಶಿರವಸ್ತ್ರದ ಮೇಲಿನ ನಿಷೇಧ ಬಹುಮಟ್ಟಿಗೆ ತೆರವಾದದ್ದು 2013ರಲ್ಲಿ. 2022ರಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ನಮ್ಮ ಹೆಣ್ಣುಮಕ್ಕಳಿಗೆ ಈ ಕಥೆ ದೂರದ್ದಲ್ಲ. 1915ರಲ್ಲಿ ಅರ್ಮೇನಿಯನ್ನರಿಗಾದ ಘೋರ ಅನ್ಯಾಯವನ್ನೂ ಮರೆಮಾಚದೆ ಹೇಳಬೇಕು. ನಮ್ಮವರ ತಪ್ಪನ್ನು ತಪ್ಪೆನ್ನದವನ ನ್ಯಾಯದ ಮಾತಿಗೆ ತೂಕವಿರುವುದಿಲ್ಲ.

ತುರ್ಕಿಯ ಹೆಸರೆತ್ತುವುದೇ ಅಪಾಯವೆಂದು ಕೆಲವರು ಹಿಂಜರಿಯಬಹುದು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ತುರ್ಕಿಯ ಸರಕಾರ ಪಾಕಿಸ್ತಾನದ ಪರ ನಿಂತಿತು. ಇಲ್ಲಿ ಬಹಿಷ್ಕಾರದ ಕರೆಗಳು ಎದ್ದವು, ಕೆಲವು ವಿಶ್ವವಿದ್ಯಾಲಯಗಳು ಅಲ್ಲಿನ ಸಂಸ್ಥೆಗಳೊಂದಿಗಿನ ಒಪ್ಪಂದಗಳನ್ನು ಅಮಾನತುಗೊಳಿಸಿದವು. ಆದರೆ ಒಂದು ದೇಶದ ಚರಿತ್ರೆಯನ್ನು ಅರಿಯುವುದೆಂದರೆ ಅದರ ಸರಕಾರಕ್ಕೆ ಜೈಕಾರ ಹಾಕುವುದಲ್ಲ. ಬ್ರಿಟಿಷರ ಇತಿಹಾಸವನ್ನು ನಾವು ಓದುವುದು ಅವರ ಮೇಲಿನ ಭಕ್ತಿಯಿಂದಲೇ? ಜನಾಂಗಗಳ ವೈವಿಧ್ಯವಿರುವುದು ಪರಸ್ಪರ ಪರಿಚಯಕ್ಕಾಗಿ ಎಂಬುದು ಪವಿತ್ರ ಕುರ್‌ಆನಿನ ಆಶಯ.

ಆದ್ದರಿಂದ ಬೆಳಗಾವಿಯ ಅಂಜುಮನ್‌ನಂತಹ ಸಂಸ್ಥೆಗಳಿಗೆ, ಖಾನಾಪುರದ ಜಮಾಅತ್‌ಗಳ ಹಿರಿಯರಿಗೆ ಒಂದು ವಿನಂತಿ. ಬೇಸಿಗೆ ರಜೆಯಲ್ಲಿ ಮೂರು ದಿನಗಳ ಶಿಕ್ಷಕರ ಶಿಬಿರವೊಂದನ್ನು ಏರ್ಪಡಿಸಿ. ಉರ್ದು ಶಾಲೆಗಳ ಶಿಕ್ಷಕರಷ್ಟೇ ಅಲ್ಲ, ಕನ್ನಡ, ಮರಾಠಿ ಶಾಲೆಗಳ ಹಿಂದೂ, ಜೈನ, ಕ್ರೈಸ್ತ ಶಿಕ್ಷಕರೂ ಬರಲಿ. ಒಂದು ದಿನ ಇತಿಹಾಸದ ಪ್ರಾಧ್ಯಾಪಕರು, ಒಂದು ದಿನ ಆಲಿಮರು ಮಾತಾಡಲಿ. ಇಲ್ಲಿನ ಹೆಚ್ಚಿನ ಮುಸ್ಲಿಮರಂತೆ ತುರ್ಕರೂ ಹನಫಿಗಳೆಂಬುದು ಎಷ್ಟೋ ಶಿಕ್ಷಕರಿಗೆ ಹೊಸ ಸಂಗತಿಯಾದೀತು. ಮೂರನೆಯ ದಿನ ಕೋಟೆಯ ಸಫಾ ಮಸೀದಿಯನ್ನೂ ಕಮಲ ಬಸದಿಯನ್ನೂ ವೀರಸೌಧವನ್ನೂ ಒಟ್ಟಿಗೆ ನೋಡಲಿ. ಕುಂಬಾರಿಕೆಗೆ ಹೆಸರಾದ ಖಾನಾಪುರದ ಮಕ್ಕಳಿಗೆ ತುರ್ಕಿಯ ಇಝ್ನಿಕ್ ಪಟ್ಟಣದ ಬಣ್ಣದ ಹೆಂಚುಗಳ ಚಿತ್ರ ತೋರಿಸಿದರೆ, ಸಂಸ್ಕೃತಿಯ ಪಾಠಕ್ಕೆ ಬೇರೆ ಪೀಠಿಕೆ ಬೇಡ.

ಇದಕ್ಕೆ ತಗಲುವ ಖರ್ಚು ನಮ್ಮ ಒಂದು ಮದುವೆಯ ಊಟದ ಖರ್ಚಿಗಿಂತ ಹೆಚ್ಚಾಗದು. ಮುಂದಿನ ವರ್ಷ ಆ ಅಧ್ಯಾಯ ತೆರೆದುಕೊಂಡಾಗ ಹಿಂದಿನ ಬೆಂಚಿನ ಹುಡುಗ ತಲೆ ತಗ್ಗಿಸಬೇಕೇ, ಅಥವಾ ಎದ್ದು ನಿಂತು ಪ್ರಶ್ನೆ ಕೇಳಬೇಕೇ? ಅದನ್ನು ತೀರ್ಮಾನಿಸಬೇಕಾದವರು ಅವನ ಶಿಕ್ಷಕರು. ಆ ಶಿಕ್ಷಕರನ್ನು ಸಜ್ಜುಗೊಳಿಸಬೇಕಾದವರು ನಾವು.