ತಾಲ್ಲೂಕು ಬಂತು, ಬಾಡಿಗೆ ಮನೆ ಎಲ್ಲಿ?

ಕಚೇರಿ ತೆರೆದ ಸರ್ಕಾರ, ಅಲ್ಲಿ ದುಡಿಯುವವರ ವಸತಿಯನ್ನು ಅವರವರ ಹಣೆಬರಹಕ್ಕೆ ಬಿಟ್ಟಿದೆ

ಮೇ–ಜೂನ್ ಬಂತೆಂದರೆ ವಿಜಯಪುರದ ಆಶ್ರಮ ರಸ್ತೆ, ಜಲನಗರ, ಇಬ್ರಾಹಿಂಪುರದ ಓಣಿಗಳಲ್ಲಿ ಮನೆ ಹುಡುಕುವವರ ಓಡಾಟ ಜೋರಾಗುತ್ತದೆ. ವರ್ಗವಾಗಿ ಬಂದ ಶಿಕ್ಷಕಿ, ಬ್ಯಾಂಕಿಗೆ ಹೊಸದಾಗಿ ಸೇರಿದ ಹುಡುಗ, ಮಗಳನ್ನು ಕಾಲೇಜಿಗೆ ಹಚ್ಚಲು ಬಂದ ರೈತ ಎಲ್ಲರೂ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಬೆನ್ನು ಹತ್ತಿದವರೇ. ಗೇಟಿನ ಹತ್ತಿರ ನಿಂತರೆ ಬಾಡಿಗೆಯ ಮಾತು ಬರುವುದು ಕೊನೆಗೆ. ‘ಯಾವೂರ್ರಿ? ಮನ್ಯಾಗ ಎಷ್ಟು ಮಂದಿ ಅದೀರಿ?’ ಎಂದು ಶುರುವಾಗುವ ವಿಚಾರಣೆ ‘ನೀವು ಯಾವ ಮಂದಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹುಡುಕುವವರಿಗೂ ಒಂದು ಪ್ರಶ್ನೆ ಇದೆ: ‘ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತ್ರಿ? ಬೋರ್ ಐತೇನು?’

ಹೀಗೆ ಅಲೆಯುವವರಲ್ಲಿ ಅನೇಕರ ಕೆಲಸ ಇರುವುದು ನಗರದಲ್ಲಲ್ಲ. 2017–18ರ ಬಜೆಟ್‌ನಲ್ಲಿ ಘೋಷಣೆಯಾಗಿ 2018ರಲ್ಲಿ ಅಸ್ತಿತ್ವಕ್ಕೆ ಬಂದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರವೂ ಸೇರಿವೆ. ಎರಡನ್ನೂ ವಿಜಯಪುರ ತಾಲ್ಲೂಕಿನಿಂದಲೇ ಬಿಡಿಸಲಾಯಿತು. ಅಥಣಿ ರಸ್ತೆಯ ತಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರ ಎರಡೂ ನಗರದಿಂದ ಇಪ್ಪತ್ತು–ಇಪ್ಪತ್ತೈದು ಕಿಲೊಮೀಟರ್ ಆಸುಪಾಸಿನಲ್ಲಿವೆ. ತಹಶೀಲ್ದಾರ್ ಕಚೇರಿ ಬಂತು, ಫಲಕ ಬಂತು, ಸಿಬ್ಬಂದಿಯೂ ಬಂದರು. ಅವರು ಇರುವುದೆಲ್ಲಿ ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಹೀಗಾಗಿ ಬೆಳಿಗ್ಗೆ ನಗರದಿಂದ ಬಸ್ ಹತ್ತಿ ಸಂಜೆ ಮರಳುವ ‘ಅಪ್ ಆ್ಯಂಡ್ ಡೌನ್’ ಇಲ್ಲಿ ರೂಢಿಯಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಮಹಿಳೆಯರ ಟಿಕೆಟ್ ಹಣವನ್ನೂ ಉಳಿಸಿದ್ದರಿಂದ ನೌಕರಿ ಮಾಡುವ ಹೆಣ್ಣುಮಕ್ಕಳಿಗೆ ನಗರವೇ ವಾಸಿ ಎನ್ನಿಸಿದೆ. ಸಿಬ್ಬಂದಿ ಕೇಂದ್ರಸ್ಥಾನದಲ್ಲೇ ಇರಬೇಕು ಎಂಬ ಸುತ್ತೋಲೆಗಳಿಗೆ ಬರವಿಲ್ಲ. ಸಂಜೆ ಆರರ ನಂತರ ಸಾಹೇಬರು ಸಿಗುವುದಿಲ್ಲ ಎಂಬ ಜನರ ದೂರೂ ಸುಳ್ಳಲ್ಲ. ಆದರೆ ಕೇಂದ್ರಸ್ಥಾನದಲ್ಲಿ ಬಾಡಿಗೆಗೆ ಮನೆಗಳೇ ಕಡಿಮೆ. ತಿಕೋಟಾ ಸೀಮೆ ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ಸೀಮೆ. ಕೈಯಲ್ಲಿ ನಾಲ್ಕು ಕಾಸು ಕೂಡಿದರೆ ರೈತ ಅದನ್ನು ಪಡದ ಕಂಬ–ತಂತಿಗೋ ದ್ರಾಕ್ಷಿ ಒಣಗಿಸುವ ಶೆಡ್ಡಿಗೋ ಹಾಕುತ್ತಾನೆ. ತನ್ನ ಸಂಸಾರಕ್ಕೆಂದು ಕಟ್ಟಿಸಿದ ಮನೆಯ ಒಂದು ಖೋಲಿಯನ್ನು ಪರರಿಗೆ ಬಿಡುವ ಅಭ್ಯಾಸ ಹಳ್ಳಿಗಿಲ್ಲ. ನೌಕರರು ನಿಲ್ಲುವುದಿಲ್ಲವೆಂದು ಯಾರೂ ಬಾಡಿಗೆ ಮನೆ ಕಟ್ಟಿಸುವುದಿಲ್ಲ, ಮನೆ ಇಲ್ಲವೆಂದು ನೌಕರರು ನಿಲ್ಲುವುದಿಲ್ಲ.

ಸರ್ಕಾರದ ಲೆಕ್ಕಾಚಾರವೂ ಈ ಗಂಟನ್ನು ಬಿಡಿಸುವುದಿಲ್ಲ. 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಗೆ ತಕ್ಕಂತೆ ಮೂಲವೇತನದ ಶೇ 20, ಶೇ 15 ಮತ್ತು ಶೇ 7.5. 2011ರ ಜನಗಣತಿಯಲ್ಲಿ ವಿಜಯಪುರ ನಗರದ ಜನಸಂಖ್ಯೆ ಮೂರೂಕಾಲು ಲಕ್ಷದಷ್ಟಿತ್ತು. 5 ಲಕ್ಷ ದಾಟದ ಊರಾದ್ದರಿಂದ ಅದೂ ಕೊನೆಯ ದರ್ಜೆಗೇ ಬೀಳುತ್ತದೆ, ತಿಕೋಟಾ, ಬಬಲೇಶ್ವರಗಳೂ ಅಲ್ಲಿಗೇ. ಕನಿಷ್ಠ ಮೂಲವೇತನ 27 ಸಾವಿರ ಪಡೆಯುವ ಡಿ ದರ್ಜೆ ನೌಕರನ ಕೈಗೆ ಬರುವ ಭತ್ಯೆ 2,025 ರೂಪಾಯಿ. ಅಡುಗೆಮನೆ, ಬಚ್ಚಲು, ನೀರು ಇರುವ ಮನೆ ನಗರದಲ್ಲಿ ಆ ದುಡ್ಡಿಗೆ ಸಿಗುವ ಮಾತಲ್ಲ. ಹಳ್ಳಿಯಲ್ಲೇ ಇರುತ್ತೇನೆ ಎನ್ನುವವನಿಗೂ ಒಂದು ರೂಪಾಯಿ ಹೆಚ್ಚು ಸಿಗುವುದಿಲ್ಲ.

ಹೊರೆಯೆಲ್ಲ ನಗರದ ಮೇಲೆ ಬಿದ್ದಾಗ ಆರಿಸುವ ಅಧಿಕಾರ ಮಾಲೀಕರ ಪಾಲಾಗುತ್ತದೆ. ಮೊದಲೇ ಇಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹಾಸ್ಟೆಲ್ ಸಿಗದ ವಿದ್ಯಾರ್ಥಿನಿಯರೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂಟಿ ಹೆಣ್ಣುಮಗಳು, ಮದುವೆಯಾಗದ ಹುಡುಗ, ಮುಸ್ಲಿಂ ಕುಟುಂಬ, ದಲಿತ ಶಿಕ್ಷಕ, ಮಾಂಸ ತಿನ್ನುವವರು ಗೇಟಿನಿಂದಲೇ ಹಿಂದಿರುಗುವುದು ಹೆಚ್ಚು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ಹೊಂದಲು ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೆ ಮನೆಯಾಕೆ ‘ನಿನ್ನೇನ ಮಾತಾಗೈತ್ರಿ, ಬ್ಯಾರೆ ಕಡೆ ನೋಡ್ರಿ’ ಎಂದುಬಿಟ್ಟರೆ ಅದರ ಮುಂದೆ ಯಾವ ಸಾಕ್ಷಿ ತರುವುದು? ಮರುದಿನವೂ ಬೋರ್ಡು ಅಲ್ಲೇ ತೂಗುತ್ತಿರುತ್ತದೆ, ಅಷ್ಟೆ.

ಮಾಲೀಕರದೂ ಒಂದು ಅಂಜಿಕೆ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಬಿಡಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಸವೆಸಿದವರ ಕಥೆಗಳು ಇನ್ನೂ ಬಾಯಿಂದ ಬಾಯಿಗೆ ಹರಿಯುತ್ತಿವೆ. ಅದರ ಜಾಗಕ್ಕೆ ಬಂದ 1999ರ ಬಾಡಿಗೆ ಕಾಯ್ದೆ, ಪಟ್ಟಿಮಾಡಿದ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2 ಸಾವಿರ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದಿನ ದರದಲ್ಲಿ ಹೆಚ್ಚಿನ ಮನೆಗಳು ಅದರ ಹೊರಗೇ ಉಳಿಯುತ್ತವೆ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂಬ ನಿಯಮದಿಂದ ತಪ್ಪಿಸಿಕೊಳ್ಳಲು 11 ತಿಂಗಳ ಕರಾರು. ಎಷ್ಟೋ ಕಡೆ ಅದೂ ಇಲ್ಲ, ಬಾಯಿಮಾತೇ ಎಲ್ಲ.

ಬಾಯಿಮಾತಿನ ಬೆಲೆ ಏನೆಂಬುದು ಗೃಹಜ್ಯೋತಿ ಬಂದಾಗ ಗೊತ್ತಾಯಿತು. 2023ರ ಆ ಉಚಿತ ವಿದ್ಯುತ್ ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ ಮೀಟರಿನ ಆರ್‌.ಆರ್‌. ಸಂಖ್ಯೆಗೆ ಆಧಾರ್ ಜೋಡಿಸಬೇಕು, ಆ ಮನೆಯಲ್ಲಿದ್ದೇನೆ ಎಂಬುದಕ್ಕೆ ಪುರಾವೆ ಬೇಕು. ಹಿಂದೆ ಇದ್ದವರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದರೆ ಹೊಸಬರಿಗೆ ತೊಡಕಾಗುತ್ತಿತ್ತು. 2024ರಲ್ಲಿ ಡಿ–ಲಿಂಕ್ ಸೌಲಭ್ಯ ಬಂದ ಮೇಲೆ ಅದು ಸಡಿಲವಾಯಿತು. ಬಾಡಿಗೆ ಮನೆ ಖಾಸಗಿ ವ್ಯವಹಾರ, ನಾವು ಕೈಹಾಕಲಾಗದು ಎನ್ನುವ ಸರ್ಕಾರ ಮೀಟರಿನ ಮೂಲಕ ಆಗಲೇ ಒಳಗೆ ಬಂದಿದೆ. ಕರಾರಿಗೂ ಅಷ್ಟೇ ಆಸಕ್ತಿ ತೋರಿಸಬಾರದೇಕೆ?

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಡಿಪಾಜಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು, ಕರಾರು ಲಿಖಿತವಾಗಿರಬೇಕು, ವ್ಯಾಜ್ಯಕ್ಕೆ ಬೇರೆಯೇ ಪ್ರಾಧಿಕಾರ ಇರಬೇಕು ಎನ್ನುತ್ತದೆ. ಇದರಿಂದ ಬಾಡಿಗೆದಾರರಿಗೆಷ್ಟೋ ಅಷ್ಟೇ ಅನುಕೂಲ ಮನೆ ಬಿಡುವುದಿಲ್ಲವೆಂದು ಅಂಜುವ ಮಾಲೀಕರಿಗೂ ಉಂಟು. ಹಾಗೆಂದು ಕಾನೂನೊಂದರಿಂದ ತಿಕೋಟಾದಲ್ಲಿ ಮನೆ ಏಳುವುದಿಲ್ಲ. ಹೊಸ ತಾಲ್ಲೂಕಿನ ಆಡಳಿತ ಸೌಧದ ಅಂದಾಜುಪಟ್ಟಿಯಲ್ಲೇ ಕೆಳಹಂತದ ಸಿಬ್ಬಂದಿಯ ವಸತಿಗೃಹ ಸೇರಿರಬೇಕು. ಕಟ್ಟುವುದು ತಡವಾದರೆ, ಊರಿನವರು ಕಟ್ಟಿಸಿದ ಮನೆಗಳನ್ನು ಸರ್ಕಾರವೇ ಐದು ವರ್ಷಕ್ಕೆ ಬಾಡಿಗೆ ಹಿಡಿದು ನೌಕರರಿಗೆ ಹಂಚಬಹುದು. ಬಾಡಿಗೆ ಖಾತ್ರಿಯಿದ್ದರೆ ದ್ರಾಕ್ಷಿ ಬೆಳೆದವರೂ ಕಟ್ಟಲು ಮನಸ್ಸು ಮಾಡುತ್ತಾರೆ. ತೊರವಿ, ಅಥಣಿ ರಸ್ತೆಯ ಭಾಗದಲ್ಲಿ ಉದ್ಯೋಗಸ್ಥ ಮಹಿಳೆಯರ ವಸತಿನಿಲಯವೂ ಬೇಕು.

ಸರ್ಕಾರಿ ಹಂಚಿಕೆಯಲ್ಲಿ ‘ಯಾವ ಮಂದಿ’ ಎಂದು ಕೇಳುವ ಹಕ್ಕು ಯಾರಿಗೂ ಇರುವುದಿಲ್ಲ. ಹುದ್ದೆಯ ಆದೇಶಪತ್ರ ಹಿಡಿದು ಬಂದವರು ಜಾತಿ ಹೇಳಿ ಸೂರು ಬೇಡುವುದನ್ನು ತಪ್ಪಿಸಲು ಸರ್ಕಾರದ ಕೈಲಿರುವ ಹತ್ತಿರದ ದಾರಿ ಅದು.