ಟಿ.ವಿ.ಯ ಹೆಸರು ಒಂದು, ಒಳಗಿನ ಯಜಮಾನ ಇನ್ನೊಬ್ಬ

ಒಂದು ಮನೆ ಎಂದಿಟ್ಟುಕೊಳ್ಳಿ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅಂಗೈಯಗಲದ ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಕಣ್ಣು ನೋವು ಎನ್ನುತ್ತಾಳೆ. ದೀಪಾವಳಿ ರಿಯಾಯಿತಿಯ ಹೊತ್ತಿಗೆ ಅಪ್ಪ ಗಟ್ಟಿ ಮನಸ್ಸು ಮಾಡಿ, ಕಂತಿನ ಮೇಲೆ 43 ಇಂಚಿನ ಸ್ಮಾರ್ಟ್ ಟಿ.ವಿ. ತಂದಿದ್ದಾರೆ. ಅಂಗಡಿಯಲ್ಲಿ ಅವರು ಕೇಳಿದ್ದು ಮೂರು ಪ್ರಶ್ನೆ: ಎಷ್ಟು ಇಂಚು, ಎಷ್ಟು ರೂಪಾಯಿ, ಎಷ್ಟು ವರ್ಷ ಗ್ಯಾರಂಟಿ. ಪಾಠದ ಆ್ಯಪ್ ವಿಷಯ ಎತ್ತುವ ಮೊದಲೇ ಅಂಗಡಿಯ ಹುಡುಗ ‘ಸ್ಮಾರ್ಟ್ ಅಲ್ವಾ ಸಾರ್, ಎಲ್ಲಾ ಬರುತ್ತೆ’ ಎಂದುಬಿಟ್ಟಿದ್ದ.

ರಾತ್ರಿ ಊಟವಾದ ಮೇಲೆ ಮಗಳು ರಿಮೋಟ್ ಹಿಡಿದು ಕುಳಿತಳು. ಒಂದು ಗಂಟೆ ಹುಡುಕಿದಳು.

‘ಅಪ್ಪಾ, ನನ್ನ ಫೋನಿನಲ್ಲಿರೋ ಆ್ಯಪ್ ಇದರಲ್ಲಿ ಇಲ್ಲವೇ ಇಲ್ಲ.’

‘ಸರಿಯಾಗಿ ನೋಡಮ್ಮ, ಅಷ್ಟು ದುಡ್ಡು ಕೊಟ್ಟಿದ್ದೀವಿ.’

ಅಜ್ಜಿ ಒಬ್ಬರೇ ನೆಮ್ಮದಿಯಿಂದಿದ್ದರು. ‘ಚಂದನ ಬರುತ್ತಲ್ಲ, ಇನ್ನೇನು ಬೇಕು?’

ಅಜ್ಜಿಯ ಮಾತನ್ನು ತಳ್ಳಿಹಾಕುವಂತಿಲ್ಲ. 2020ರಲ್ಲಿ ಶಾಲೆಗಳು ಬಾಗಿಲು ಹಾಕಿದಾಗ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು. ಅದನ್ನು ನೋಡಲು ಹಳೆಯ ಡಬ್ಬದಂಥ ಟಿ.ವಿ.ಯೂ ಸಾಕಾಗಿತ್ತು. ಏಕೆಂದರೆ ಆ ಟಿ.ವಿ.ಗೆ ಬಂದ ಚಿತ್ರವನ್ನು ತೋರಿಸುವುದಷ್ಟೇ ಕೆಲಸ. ಸ್ಮಾರ್ಟ್ ಟಿ.ವಿ. ಹಾಗಲ್ಲ. ಅದು ದೊಡ್ಡ ಪರದೆ ಅಂಟಿಸಿಕೊಂಡ ಒಂದು ಕಂಪ್ಯೂಟರ್. ಕಂಪ್ಯೂಟರ್ ಎಂದ ಮೇಲೆ ಅದರೊಳಗೆ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯನಿರ್ವಹಣಾ ವ್ಯವಸ್ಥೆ ಇರಲೇಬೇಕು. ಯಾವ ಆ್ಯಪ್ ಒಳಗೆ ಬರಬಹುದು, ಯಾವುದು ಬಾಗಿಲಲ್ಲೇ ನಿಲ್ಲಬೇಕು ಎಂದು ತೀರ್ಮಾನಿಸುವ ಯಜಮಾನ ಅದೇ. ಅಪ್ಪ ಕೇಳದೆ ಬಿಟ್ಟ ನಾಲ್ಕನೆಯ ಪ್ರಶ್ನೆ ಇದು: ‘ಇದರೊಳಗಿರುವ ಓ.ಎಸ್. ಯಾವುದು?’

ಅಡಿಪಾಯ ಒಂದೇ, ಮನೆ ಬೇರೆ

ಯಜಮಾನರು ಬಹಳ ಮಂದಿಯೇನೂ ಇಲ್ಲ. ಸ್ಯಾಮ್ಸಂಗ್ ಕಂಪನಿಯ ಸ್ಮಾರ್ಟ್ ಟಿ.ವಿ.ಗಳಲ್ಲಿ 2015ರಿಂದ ಇರುವುದು ಟೈಜನ್. ಎಲ್.ಜಿ. ಟಿ.ವಿ.ಗಳಲ್ಲಿ 2014ರಿಂದ ವೆಬ್ ಓ.ಎಸ್. ಗೂಗಲ್ 2014ರಲ್ಲಿ ಆಂಡ್ರಾಯ್ಡ್ ಟಿ.ವಿ.ಯನ್ನು ಹೊರತಂದಿತು; 2020ರಲ್ಲಿ ಅದರ ಮೇಲೆ ಗೂಗಲ್ ಟಿ.ವಿ. ಎಂಬ ಹೊಸ ಮುಖವಾಡ ತೊಡಿಸಿತು. ಸೋನಿ ಸೇರಿದಂತೆ ಹಲವು ಕಂಪನಿಗಳು ಬಳಸುವುದು ಇದನ್ನೇ. ಅಮೆಜಾನ್ ಕಂಪನಿಯ ಫೈರ್ ಟಿ.ವಿ. ಶುರುವಾದದ್ದೂ 2014ರಲ್ಲೇ. ಹೈಸೆನ್ಸ್ ಕಂಪನಿಯಿಂದ ಬಂದದ್ದು ವಿಡಾ. ನಮ್ಮ ದೇಶದ ಜಿಯೋ 2025ರ ಫೆಬ್ರವರಿಯಲ್ಲಿ ಜಿಯೋ ಟೆಲಿ ಓ.ಎಸ್. ಎಂಬುದನ್ನು ಪ್ರಕಟಿಸಿತು.

ಇವುಗಳ ಪೂರ್ವಾಶ್ರಮದ ಕಥೆ ಸ್ವಾರಸ್ಯವಾಗಿದೆ. ವೆಬ್ ಓ.ಎಸ್. ಹುಟ್ಟಿದ್ದು ಟಿ.ವಿ.ಗಲ್ಲ. ಪಾಮ್ ಎಂಬ ಅಮೆರಿಕದ ಕಂಪನಿ 2009ರಲ್ಲಿ ತನ್ನ ಫೋನಿಗಾಗಿ ಅದನ್ನು ತಂದಿತು. ಮರುವರ್ಷ ಪಾಮ್ ಕಂಪನಿಯನ್ನೇ ಎಚ್.ಪಿ. ಕೊಂಡುಕೊಂಡಿತು. ಫೋನಿನ ಪೇಟೆಯಲ್ಲಿ ಅದು ಸೋತ ಮೇಲೆ 2013ರಲ್ಲಿ ವೆಬ್ ಓ.ಎಸ್. ಎಲ್.ಜಿ. ಕೈಸೇರಿತು. ಟೈಜನ್ ಕೂಡ ಫೋನಿನಲ್ಲಿ ಅದೃಷ್ಟ ಪರೀಕ್ಷಿಸಿದ್ದುಂಟು. ಅದನ್ನು ಹೊತ್ತ ಜೆಡ್1 ಎಂಬ ಫೋನನ್ನು ಸ್ಯಾಮ್ಸಂಗ್ ಬಿಡುಗಡೆ ಮಾಡಿದ್ದು 2015ರ ಜನವರಿಯಲ್ಲಿ, ನಮ್ಮ ಭಾರತದಲ್ಲೇ. ಫೋನಿನಲ್ಲಿ ನೆಲೆ ಸಿಗದ ಇವೆರಡೂ ಟಿ.ವಿ.ಯಲ್ಲಿ ತಳವೂರಿದವು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. 2015ರಲ್ಲಿ ಪ್ಯಾನಾಸೋನಿಕ್ ಟಿ.ವಿ.ಗಳಿಗೆ ಬಂದ ಫೈರ್‌ಫಾಕ್ಸ್ ಓ.ಎಸ್.ನ ಕೆಲಸವನ್ನು ಅದರ ತವರಾದ ಮೊಝಿಲ್ಲಾ ಸಂಸ್ಥೆ ಬೇಗನೆ ಕೈಬಿಟ್ಟಿತು.

ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ ಹಿಡಿಸಬಹುದು. ಟೈಜನ್, ವೆಬ್ ಓ.ಎಸ್., ಆಂಡ್ರಾಯ್ಡ್ ಈ ಮೂರರ ಬುಡದಲ್ಲೂ ಇರುವುದು ಲಿನಕ್ಸ್. ಅದನ್ನು ಬರೆಯಲು ತೊಡಗಿದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. ಅವರು ಬರೆದದ್ದನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟದ್ದರಿಂದ, ಒಬ್ಬ ವಿದ್ಯಾರ್ಥಿಯ ಕೆಲಸ ಇಂದು ಕೋಟ್ಯಂತರ ಮನೆಗಳ ಗೋಡೆಯ ಮೇಲೆ ಕುಳಿತಿದೆ.

ಬುಡ ಒಂದೇ ಎಂದಮೇಲೆ ಒಂದರ ಆ್ಯಪ್ ಇನ್ನೊಂದರಲ್ಲಿ ಏಕೆ ನಡೆಯದು? ಒಂದೇ ಬಗೆಯ ಅಡಿಪಾಯದ ಮೇಲೆ ಮೂರು ಮನೆ ಕಟ್ಟಿದರೂ ಒಂದರ ಬೀಗದ ಕೈ ಇನ್ನೊಂದಕ್ಕೆ ಹಿಡಿಯುವುದಿಲ್ಲವಲ್ಲ, ಹಾಗೆ. ಆ್ಯಪ್ ಬರೆಯುವವರು ಒಂದೊಂದು ಓ.ಎಸ್.ಗೂ ಪ್ರತ್ಯೇಕವಾಗಿ ಅದನ್ನು ಹೊಂದಿಸಬೇಕು. ಯೂಟ್ಯೂಬ್‌ನಂಥ ದೊಡ್ಡವರು ಎಲ್ಲ ಮನೆಗಳಿಗೂ ಬೀಗದ ಕೈ ಮಾಡಿಸುತ್ತಾರೆ. ಪಾಠ ಹೇಳುವ ಚಿಕ್ಕ ಸಂಸ್ಥೆಗೆ ಅಷ್ಟು ಕೈ ನಡೆಯುವುದಿಲ್ಲ. ಫೋನಿಗೊಂದು ಮಾಡಿ ಸುಮ್ಮನಾಗುತ್ತದೆ. ಆ ಹುಡುಗಿಗೆ ಆ್ಯಪ್ ಸಿಗದ ಕಾರಣ ಇಷ್ಟೇ, ಟಿ.ವಿ. ಕೆಟ್ಟಿರಲಿಲ್ಲ.

ಗುರುತಿಸುವುದು ಹೇಗೆ?

ಟಿ.ವಿ.ಯ ಚೌಕಟ್ಟಿನ ಮೇಲಿರುವ ಹೆಸರನ್ನೇ ನಂಬಿ ಕೂರುವಂತಿಲ್ಲ. ಒಂದೇ ಕಂಪನಿ ಒಂದು ಮಾದರಿಯಲ್ಲಿ ಗೂಗಲ್ ಟಿ.ವಿ.ಯನ್ನೂ ಇನ್ನೊಂದರಲ್ಲಿ ಫೈರ್ ಟಿ.ವಿ.ಯನ್ನೂ ಹಾಕಿ ಮಾರುವುದುಂಟು. ಎಲ್.ಜಿ. ಕೂಡ 2021ರಿಂದ ತನ್ನ ವೆಬ್ ಓ.ಎಸ್.ಅನ್ನು ಬೇರೆ ಕಂಪನಿಗಳಿಗೂ ಕೊಡುತ್ತಿದೆ. ಆದ್ದರಿಂದ ನಾಲ್ಕು ಗುರುತುಗಳನ್ನು ಒಂದಾದ ಮೇಲೊಂದರಂತೆ ನೋಡುವುದು ಒಳ್ಳೆಯದು.

ಮೊದಲನೆಯದು, ಟಿ.ವಿ.ಯನ್ನು ಪ್ಲಗ್ಗಿನಿಂದ ತೆಗೆದು ಮತ್ತೆ ಹಾಕಿದಾಗ ಮೂಡುವ ಅಕ್ಷರಗಳು. ಕಂಪನಿಯ ಹೆಸರಿನ ಜೊತೆಗೆ ಅಥವಾ ಅದರ ಹಿಂದೆಯೇ ಆಂಡ್ರಾಯ್ಡ್ ಟಿ.ವಿ., ಗೂಗಲ್ ಟಿ.ವಿ., ಫೈರ್ ಟಿ.ವಿ. ಎಂಬ ಹೆಸರು ಸಾಮಾನ್ಯವಾಗಿ ಕೆಲವು ಕ್ಷಣ ಕಾಣುತ್ತದೆ.

ಎರಡನೆಯದು ರಿಮೋಟ್. ಮೈಕಿನ ಗುಂಡಿಯ ಮೇಲೆ ಗೂಗಲ್ ಅಸಿಸ್ಟೆಂಟ್‌ನ ಬಣ್ಣದ ಚುಕ್ಕಿಗಳಿದ್ದರೆ ಆಂಡ್ರಾಯ್ಡ್ ಅಥವಾ ಗೂಗಲ್ ಟಿ.ವಿ. ಇರುವ ಸಂಭವ ಹೆಚ್ಚು. ಕೈ ಆಡಿಸಿದ ಕಡೆಗೆ ಪರದೆಯ ಮೇಲೆ ಬಾಣದ ಗುರುತು ಓಡಾಡುವ, ನಡುವೆ ಉರುಳುವ ಚಕ್ರವಿರುವ ರಿಮೋಟ್ ವೆಬ್ ಓ.ಎಸ್.ನದು. ಅಲೆಕ್ಸಾ ಗುರುತೊಂದನ್ನೇ ನೋಡಿ ಫೈರ್ ಟಿ.ವಿ. ಎಂದುಕೊಳ್ಳಬಾರದು, ಬೇರೆಯವರೂ ಅದನ್ನು ಸೇರಿಸುತ್ತಾರೆ.

ಮೂರನೆಯದು ಆ್ಯಪ್ ಅಂಗಡಿಯ ಹೆಸರು. ಪ್ಲೇ ಸ್ಟೋರ್ ಇದ್ದರೆ ಗೂಗಲ್ ಮನೆತನ. ಅಮೆಜಾನ್ ಆ್ಯಪ್‌ಸ್ಟೋರ್ ಇದ್ದರೆ ಫೈರ್. ಎಲ್.ಜಿ. ಕಂಟೆಂಟ್ ಸ್ಟೋರ್ ಇದ್ದರೆ ವೆಬ್ ಓ.ಎಸ್.

ನಾಲ್ಕನೆಯದು, ಎಲ್ಲಕ್ಕಿಂತ ಖಚಿತವಾದದ್ದು, ಸೆಟ್ಟಿಂಗ್ಸ್. ಗೂಗಲ್ ಟಿ.ವಿ.ಯಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋಗಬೇಕು. ಹಳೆಯ ಆಂಡ್ರಾಯ್ಡ್ ಟಿ.ವಿ.ಯಲ್ಲಿ ನಡುವೆ ಡಿವೈಸ್ ಪ್ರಿಫರೆನ್ಸಸ್ ಎಂದಿರುತ್ತದೆ. ಸ್ಯಾಮ್ಸಂಗ್‌ನಲ್ಲಿ ಸಪೋರ್ಟ್ ಒಳಗೆ ಅಬೌಟ್ ದಿಸ್ ಟಿ.ವಿ.; ಎಲ್.ಜಿ.ಯಲ್ಲಿ ಸಪೋರ್ಟ್ ಅಥವಾ ಜನರಲ್ ಒಳಗೆ ಟಿ.ವಿ. ಇನ್ಫರ್ಮೇಷನ್, ಫೈರ್ ಟಿ.ವಿ.ಯಲ್ಲಿ ಮೈ ಫೈರ್ ಟಿ.ವಿ. ಒಳಗೆ ಅಬೌಟ್. ಮಾದರಿಗೆ ತಕ್ಕಂತೆ ಹೆಸರು ಕೊಂಚ ಬದಲಾದೀತು, ಆದರೆ ‘ಅಬೌಟ್’ ಅಥವಾ ‘ಇನ್ಫರ್ಮೇಷನ್’ ಎಂಬ ಪದ ಹುಡುಕಿದರೆ ದಾರಿ ತಪ್ಪುವುದಿಲ್ಲ. ಅಲ್ಲಿ ಸಿಗುವ ಮಾದರಿ ಸಂಖ್ಯೆ ಮತ್ತು ಆವೃತ್ತಿ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಮಾದರಿ ಸಂಖ್ಯೆ ಟಿ.ವಿ.ಯ ಬೆನ್ನ ಮೇಲಿನ ಚೀಟಿಯಲ್ಲೂ ಇರುತ್ತದೆ.

ಆವೃತ್ತಿಯಿಂದ ವಯಸ್ಸೂ ತಿಳಿಯುತ್ತದೆ. ವೆಬ್ ಓ.ಎಸ್. 4.0 ಎಂದರೆ ಅದು 2018ರ ಮಾದರಿಯ ಟಿ.ವಿ.; 5.0 ಎಂದರೆ 2020ರದು, 6.0 ಎಂದರೆ 2021ರದು. ‘ಹೊಸ ಸ್ಟಾಕ್’ ಎಂದು ಕೊಟ್ಟದ್ದು ನಿಜಕ್ಕೂ ಹೊಸದೇ ಎಂಬುದನ್ನು ಪರೀಕ್ಷಿಸಲು ಇದು ಸುಲಭದ ಉಪಾಯ.

ಗೊತ್ತಿಲ್ಲದಿದ್ದರೆ ಏನು ನಷ್ಟ?

ಟಿ.ವಿ.ಯ ಪರದೆ ಹತ್ತು ವರ್ಷ ಬಾಳಬಹುದು. ಒಳಗಿನ ಓ.ಎಸ್. ಅಷ್ಟು ಕಾಲ ಬಾಳದೆ ಹೋಗಬಹುದು. 2010 ಮತ್ತು 2011ರ ಕೆಲವು ಸ್ಯಾಮ್ಸಂಗ್ ಟಿ.ವಿ.ಗಳಲ್ಲಿ 2019ರ ಡಿಸೆಂಬರ್ 1ರಿಂದ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಮಾರಿದ ಟಿ.ವಿ.ಗಳವು. ಚಿತ್ರ ಚೆನ್ನಾಗಿತ್ತು, ಧ್ವನಿ ಚೆನ್ನಾಗಿತ್ತು, ಆ್ಯಪ್ ಮಾತ್ರ ಹೊರಟುಹೋಗಿತ್ತು. ಆದ್ದರಿಂದ ‘ಎಷ್ಟು ವರ್ಷ ಹೊಸ ಆವೃತ್ತಿ ಕೊಡುತ್ತೀರಿ?’ ಎಂಬುದೂ ಕೇಳಬೇಕಾದ ಪ್ರಶ್ನೆ. ಸ್ಯಾಮ್ಸಂಗ್ ತನ್ನ 2024ರ ಮಾದರಿಗಳಿಗೆ 7 ವರ್ಷ ಎಂದು ಹೇಳಿದೆ, ಎಲ್.ಜಿ. ತನ್ನ ಹೊಸ ಮಾದರಿಗಳಿಗೆ 5 ವರ್ಷದ ಮಾತು ಕೊಟ್ಟಿದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಆಂಡ್ರಾಯ್ಡ್‌ನ ಮೂಲ ತಂತ್ರಾಂಶ ಯಾರಿಗೂ ಉಚಿತ. ಅದನ್ನು ಎತ್ತಿಕೊಂಡು, ಗೂಗಲ್‌ನ ಪರೀಕ್ಷೆ, ಮುದ್ರೆ ಯಾವುದೂ ಇಲ್ಲದೆ, ರಟ್ಟಿನ ಪೆಟ್ಟಿಗೆಯ ಮೇಲೆ ‘ಆಂಡ್ರಾಯ್ಡ್’ ಎಂದು ಅಚ್ಚು ಹಾಕಿ ಅಗ್ಗಕ್ಕೆ ಮಾರುವವರಿದ್ದಾರೆ. ಅಂಥವುಗಳಲ್ಲಿ ಪ್ಲೇ ಸ್ಟೋರ್ ಇದ್ದರೂ ಅದು ಫೋನಿನದನ್ನು ತಂದು ತುರುಕಿದ್ದಾಗಿರಬಹುದು. ಮುದ್ರೆಯಿಲ್ಲದ ಇಂಥ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಹೊಕ್ಕ ‘ಬ್ಯಾಡ್‌ಬಾಕ್ಸ್ 2.0’ ಎಂಬ ದುಷ್ಟ ಜಾಲದ ಬಗ್ಗೆ ಅಮೆರಿಕದ ಎಫ್.ಬಿ.ಐ. 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಮನೆಯವರಿಗೆ ಸುಳಿವೇ ಇಲ್ಲದೆ ಅವರ ಇಂಟರ್ನೆಟ್ ಸಂಪರ್ಕವನ್ನು ಕಳ್ಳರು ಬಳಸಿಕೊಳ್ಳುವ ಜಾಲ ಅದು. ಪರೀಕ್ಷೆಯಾದ ಆಂಡ್ರಾಯ್ಡ್ ಟಿ.ವಿ. ತಯಾರಕರ ಪಟ್ಟಿಯನ್ನು ಗೂಗಲ್ ಪ್ರಕಟಿಸುತ್ತದೆ. ಅಗ್ಗದ್ದನ್ನು ಕೊಳ್ಳುವ ಮೊದಲು ಅದರಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು.

ಹೆಸರಾಂತ ಕಂಪನಿಯಾದರೂ ಎಚ್ಚರ ತಪ್ಪಬಾರದು. ಮನೆಯವರು ಟಿ.ವಿ. ನೋಡುವಂತೆ ಟಿ.ವಿ.ಯೂ ಮನೆಯವರನ್ನು ನೋಡುತ್ತಿರುತ್ತದೆ. ಪರದೆಯ ಮೇಲೆ ಏನು ಓಡುತ್ತಿದೆ ಎಂದು ಗುರುತಿಸಿ ಕಂಪನಿಗೆ ವರದಿ ಮಾಡುವ ಏರ್ಪಾಡು ಅದರೊಳಗಿರುತ್ತದೆ. ಅಮೆರಿಕದ ವಿಜಿಯೋ ಕಂಪನಿ 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ಹೀಗೆ ಮಾಹಿತಿ ಸಂಗ್ರಹಿಸಿದ್ದಕ್ಕಾಗಿ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು. ಇದನ್ನು ನಿಲ್ಲಿಸುವ ಗುಂಡಿಯ ಹೆಸರು ಒಂದೊಂದರಲ್ಲಿ ಒಂದೊಂದು. ಎಲ್.ಜಿ.ಯಲ್ಲಿ ಲೈವ್ ಪ್ಲಸ್, ಸ್ಯಾಮ್ಸಂಗ್‌ನಲ್ಲಿ ವ್ಯೂಯಿಂಗ್ ಇನ್ಫರ್ಮೇಷನ್ ಸರ್ವೀಸಸ್. ಯಜಮಾನ ಯಾರೆಂದು ತಿಳಿಯದೆ ಆ ಗುಂಡಿಯನ್ನು ಹುಡುಕುವುದಾದರೂ ಹೇಗೆ?

ನಮ್ಮಲ್ಲೂ ಈ ಯಜಮಾನಿಕೆಯ ಪ್ರಶ್ನೆ ವಿಚಾರಣೆಗೆ ಬಂದಿತ್ತು. ಪ್ಲೇ ಸ್ಟೋರ್ ಬೇಕೆಂದರೆ ತನ್ನ ಎಲ್ಲ ಆ್ಯಪ್‌ಗಳನ್ನೂ ಒಟ್ಟಾಗಿ ಹಾಕಿಕೊಳ್ಳಬೇಕೆಂದು ಗೂಗಲ್ ಟಿ.ವಿ. ತಯಾರಕರನ್ನು ಕಟ್ಟಿಹಾಕಿದೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2021ರಲ್ಲಿ ತನಿಖೆಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಕರಣ ಇತ್ಯರ್ಥವಾಯಿತು. ಗೂಗಲ್ 20.24 ಕೋಟಿ ರೂಪಾಯಿ ಕಟ್ಟಿತು. ಭಾರತದ ಆಂಡ್ರಾಯ್ಡ್ ಟಿ.ವಿ.ಗಳಿಗೆ ಪ್ಲೇ ಸ್ಟೋರನ್ನು ಪ್ರತ್ಯೇಕವಾಗಿ ಕೊಡಲು ಒಪ್ಪಿತು. ತಯಾರಕರ ಕೈಗೆ ಆಯ್ಕೆ ಹೆಚ್ಚಿದಂತೆ ಒಂದು ಟಿ.ವಿ. ಇನ್ನೊಂದರಂತೆ ಇರಬೇಕಾಗಿಲ್ಲ. ಕೊಳ್ಳುವವರು ಕೇಳಿ ತಿಳಿಯಬೇಕಾದದ್ದೂ ಅಷ್ಟೇ ಹೆಚ್ಚು.

ಇಷ್ಟೆಲ್ಲ ಓದಿ, ಈಗಾಗಲೇ ಮನೆಗೆ ತಂದ ಟಿ.ವಿ.ಯನ್ನು ನೋಡಿ ಮರುಗಬೇಕಾಗಿಲ್ಲ. ಫೋನಿನಲ್ಲಿ ಕಾಣುವುದನ್ನು ಹಾಗೆಯೇ ಟಿ.ವಿ.ಯ ಮೇಲೆ ಮೂಡಿಸುವ ಸ್ಕ್ರೀನ್ ಮಿರರಿಂಗ್ ಬಹುತೇಕ ಸ್ಮಾರ್ಟ್ ಟಿ.ವಿ.ಗಳಲ್ಲಿದೆ. ಅದೂ ಸಾಲದಾದರೆ ಟಿ.ವಿ.ಯ ಬೆನ್ನಿನ ಎಚ್.ಡಿ.ಎಂ.ಐ. ಕಿಂಡಿಗೆ ಸಿಕ್ಕಿಸುವ ಚಿಕ್ಕ ಸ್ಟಿಕ್ ಸಿಗುತ್ತದೆ. ಅದು ತನ್ನದೇ ಓ.ಎಸ್. ತಂದುಕೊಂಡು, ಹಳೆಯ ಯಜಮಾನನನ್ನು ಪಕ್ಕಕ್ಕೆ ಕೂರಿಸಿ, ಟಿ.ವಿ.ಯನ್ನು ಬರೀ ಪರದೆಯಾಗಿ ಬಳಸಿಕೊಳ್ಳುತ್ತದೆ. ಆದರೆ ಸ್ಟಿಕ್ ಕೊಳ್ಳುವಾಗಲೂ ಆ ನಾಲ್ಕನೆಯ ಪ್ರಶ್ನೆಯನ್ನು ಮರೆಯಬಾರದು.

ಆ ಮನೆಯ ಹುಡುಗಿ ಮಾಡಿದ್ದೂ ಅದನ್ನೇ. ಮರುದಿನ ಬೆಳಿಗ್ಗೆ ಸೆಟ್ಟಿಂಗ್ಸ್ ಒಳಗೆ ಹೊಕ್ಕು ಓ.ಎಸ್.ನ ಹೆಸರು, ಆವೃತ್ತಿ, ಮಾದರಿ ಸಂಖ್ಯೆ ಮೂರನ್ನೂ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ತನ್ನ ಆ್ಯಪ್ ಆ ಓ.ಎಸ್.ಗೆ ಇನ್ನೂ ಬಂದಿಲ್ಲವೆಂದು ಖಚಿತವಾಯಿತು. ಫೋನಿನ ಪಾಠವನ್ನೇ ಟಿ.ವಿ.ಯ ಮೇಲೆ ಮೂಡಿಸಿಕೊಂಡಳು. ತ್ರಿಕೋನಮಿತಿ 43 ಇಂಚಿನ ಪರದೆಯ ತುಂಬ ಗೋಡೆಯ ಮೇಲೆ ನಿಂತಿತು. ಅಪ್ಪನ ಮುಖದಲ್ಲಿ ಕಂತಿನ ಚಿಂತೆ ಕೊಂಚ ಇಳಿಯಿತು.

ಸಂಕ್ರಾಂತಿಗೆ ಟಿ.ವಿ. ಕೊಳ್ಳಬೇಕೆಂದಿದ್ದ ಪಕ್ಕದ ಮನೆಯವರು ಸಲಹೆ ಕೇಳಲು ಬಂದರು. ‘ಎಷ್ಟು ಇಂಚಿನದು ತಗೊಳ್ಳೋದು ಒಳ್ಳೇದು?’ ಎಂದು ಅವರು ಅಪ್ಪನನ್ನು ಕೇಳಿದರು. ಅಪ್ಪ ಮಗಳ ಕಡೆ ತಿರುಗಿ, ‘ಆ ನೋಟ್‌ಬುಕ್ ತಗೊಂಡು ಬಾಮ್ಮ’ ಎಂದರು.