ಭೂಕಂಪ ಅಲ್ಲ ಅಂದ್ರು ಸರಿ, ಮತ್ತೇನು ಅಂತ ಬೇಗ ಹೇಳ್ಬೇಕಿತ್ತು

ಮೊನ್ನೆ ಬೆಳಿಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋದಾಗ ಒಬ್ಬರ ಮೊಬೈಲಲ್ಲಿ ಆಡಿಯೋ ಓಡ್ತಿತ್ತು. ಈ ವಾರ ಬೆಂಗಳೂರಿಗೆ ದೊಡ್ಡ ಭೂಕಂಪ ಇದೆಯಂತೆ, ಸರ್ಕಾರ ಮುಚ್ಚಿಡ್ತಿದೆಯಂತೆ. ಅಂಥದ್ದೇನೂ ಇಲ್ಲ ಕಣ್ರಪ್ಪಾ ಅಂದೆ. "ನಾಳೆ ಮಳೆ ಬರುತ್ತಾ ಅಂತ ಹೇಳಕ್ಕೇ ಬರಲ್ಲ, ಇವರು ಭೂಕಂಪದ ವಿಷ್ಯ ನಿಜ ಹೇಳ್ತಾರಾ?" ಅಂದ್ರು ಪಕ್ಕದ ಹೊಲದ ಅಣ್ಣ. ಎಲ್ಲರೂ ನಕ್ಕರು. ಮುನ್ಸೂಚನೆ ನಂಬಿ ಕಣದಲ್ಲಿ ರಾಗಿ ತೋಯಿಸಿಕೊಂಡವನು, ನಾನೂ ನಕ್ಕೆ.

ಆದ್ರೆ ಎರಡೂ ಒಂದೇ ಅಲ್ಲ. ಮಳೆ ಮುನ್ಸೂಚನೆ ನಾಳೆದು. ಭೂಕಂಪದ ವರದಿ ಆಗಿಹೋದದ್ದು. ಡೈರಿ ಮಿಷಿನ್ ಇವತ್ತಿನ ಹಾಲಿನ ಫ್ಯಾಟ್ ಎಷ್ಟು ಅಂತ ಹೇಳುತ್ತೆ, ನಾಳೆ ಹಸು ಎಷ್ಟು ಕರೆಯುತ್ತೆ ಅಂತ ಹೇಳಲ್ಲ. ಹಾಗೇ ಇದೂ.

2020ರ ಮೇ 20 ನೆನಪಿದೆಯಲ್ಲ? ಲಾಕ್‌ಡೌನ್ ಕಾಲ. ಮಧ್ಯಾಹ್ನ ಒಂದೂವರೆ ಸುಮಾರಿಗೆ ಢಂ ಅಂತು. ಕೆ.ಆರ್. ಪುರ, ವೈಟ್‌ಫೀಲ್ಡ್, ಎಚ್ಎಎಲ್, ಇಂದಿರಾನಗರ, ಹಲಸೂರು ಎಲ್ಲಾ ಕಡೆ ಕಿಟಕಿ ಗಾಜು ಅದುರಿದವು. ನಮ್ಮ ಕೊಟ್ಟಿಗೇಲಿ ಹಸು ಹಗ್ಗ ಕಿತ್ಕೊಂಡು ಆಚೆ ಬಂತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು (ನಾವು ಮಳೆ ಕೇಳಕ್ಕೆ ಫೋನ್ ಮಾಡೋ ವರುಣಮಿತ್ರ ಇವರದ್ದೇ) ನಮ್ಮ ಯಂತ್ರಗಳಲ್ಲಿ ಭೂಕಂಪ ದಾಖಲಾಗಿಲ್ಲ ಅಂದ್ರು. ಯಾರೂ ನಂಬಲಿಲ್ಲ. ನೆಲ ನಡುಗಿದ್ದು ನಮ್ಮ ಕಾಲಿಗೆ ಗೊತ್ತಾಗಿದೆ, ಇವರ ಯಂತ್ರಕ್ಕೆ ಗೊತ್ತಾಗಿಲ್ವಾ ಅಂತ ಬೈದ್ರು. ಬೈದೋರಲ್ಲಿ ನಾನೂ ಒಬ್ಬ.

ಸಂಜೆ ರಕ್ಷಣಾ ಇಲಾಖೆ ಕಡೆಯಿಂದ ಉತ್ತರ ಬಂತು. ವಾಯುಪಡೆಯ ವಿಮಾನ ಪರೀಕ್ಷೆಗೆ ಹಾರಿತ್ತು. 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಜೋರಾಗಿ ಹೋಗ್ತಿದ್ದದ್ದು ವೇಗ ಇಳಿಸುವಾಗ ಆ ಸದ್ದು ಬಂದಿದೆ. 65–80 ಕಿಲೋಮೀಟರ್ ದೂರಕ್ಕೂ ಕೇಳಿಸಬಹುದು ಅಂತ. ಅಂದ್ರೆ ಮಧ್ಯಾಹ್ನ ಭೂಕಂಪ ಅಲ್ಲ ಅಂದವರು ಸರಿಯಾಗೇ ಹೇಳಿದ್ರು. ಏನು ಅಂತ ಹೇಳ್ಬೇಕಾದವರು ಮಾತಾಡೋ ಹೊತ್ತಿಗೆ ಸಂಜೆ ಆಗಿತ್ತು. ಆ ನಾಲ್ಕೈದು ಗಂಟೆ ಖಾಲಿ ಬಿಟ್ರಲ್ಲ, ಅಲ್ಲೇ ಪುಕಾರು ಹುಟ್ಟಿದ್ದು. ನನ್ನ ತಕರಾರು ಇಷ್ಟೇ.

ಜನ ಅನುಮಾನ ಪಡೋದಕ್ಕೆ ಕಾರಣ ಇಲ್ಲ ಅಂತಲ್ಲ. ಕಿಲ್ಲಾರಿ ನೆನೆಸ್ಕೊಳ್ಳಿ. ನಮ್ಮ ಬೀದರ್ ಕಡೆ ಗಡಿ ದಾಟಿದ್ರೆ ಲಾತೂರು ಜಿಲ್ಲೆ. ಅಲ್ಲಿ 1992ರಿಂದಲೇ ಸಣ್ಣಪುಟ್ಟ ನಡುಕ ಬರ್ತಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕು ಗಂಟೆ ಹತ್ತಿರ, ಗಣಪತಿ ಬಿಟ್ಟು ಬಂದು ಸುಸ್ತಾಗಿ ಮಲಗಿದ್ದ ಜನದ ಮೇಲೆ ಕಲ್ಲು ಮಣ್ಣಿನ ಗೋಡೆ ಬಿತ್ತು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಅದಕ್ಕೇ 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿಯ ಗಡಿಕೇಶ್ವಾರದಲ್ಲಿ ಭೂಮಿ ಗುಡುಗಿದಾಗ ಜನ ಮನೆ ಬಿಟ್ಟು ಆಚೆ ಮಲಗಿದ್ರು. ಅವರಿಗೆ ಹೆದರಬೇಡಿ ಅಂತ ಆಫೀಸಲ್ಲಿ ಕೂತು ಹೇಳಿದ್ರೆ ಹೆಂಗೆ ನಂಬ್ತಾರೆ? ಅದೇ ವರ್ಷ ಡಿಸೆಂಬರ್ 22ಕ್ಕೆ ನಮ್ಮ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಏಳರ ಮೇಲೆ ಎರಡು ಸಲ ನಡುಗಿತು, 2.9 ಮತ್ತು 3. ಅದನ್ನ ಯಾರೂ ಮುಚ್ಚಿಡಲಿಲ್ಲ, ಅವತ್ತೇ ಅಂಕಿ ಸಮೇತ ಬಂತು.

ಇನ್ನು ಭವಿಷ್ಯ ಹೇಳೋರು. 2023ರ ಫೆಬ್ರವರಿಯಲ್ಲಿ ಟರ್ಕಿ ಭೂಕಂಪಕ್ಕೆ ಮೂರು ದಿನ ಮೊದಲೇ ನೆದರ್ಲ್ಯಾಂಡ್ಸ್‌ನ ಹೂಗರ್‌ಬೀಟ್ಸ್ ಅನ್ನೋರು ಹೇಳಿದ್ರು ಅಂತ ಟಿವಿಯಲ್ಲೆಲ್ಲಾ ಬಂತು. ಅವರು ಬರೆದಿದ್ದು "ಇವತ್ತಲ್ಲ ನಾಳೆ ಆಗುತ್ತೆ" ಅನ್ನೋ ಥರ. ಹಾಗೆ ನಾನೂ ಹೇಳ್ತೀನಿ, ಇವತ್ತಲ್ಲ ನಾಳೆ ನಮ್ಮ ಕೆರೆ ಕೋಡಿ ಹೋಗುತ್ತೆ. ಯಾವ ದಿನ, ಎಲ್ಲಿ, ಎಷ್ಟು ಜೋರು ಅಂತ ಮುಂಚೆ ಹೇಳೋ ವಿದ್ಯೆ ಯಾವ ದೇಶದಲ್ಲೂ ಇಲ್ಲ.

ಆಡಿಯೋ ನಂಬಿ ಮಕ್ಕಳನ್ನ ಬಯಲಲ್ಲಿ ಮಲಗಿಸಬೇಡಿ, ಮಳೆಗಾಲ, ಹುಳಹುಪ್ಪಟೆ ಇರ್ತವೆ. ಭಯ ಇದ್ರೆ ಮಣ್ಣಿನ ಗೋಡೆ ಮೇಲೆ ಚಪ್ಪಡಿ ಹಾಕಿರೋ ಹಳೇ ಮನೆ, ಕೊಟ್ಟಿಗೆ ನೋಡ್ಕೊಳ್ಳಿ. ಕಿಲ್ಲಾರಿಯಲ್ಲಿ ಕೊಂದದ್ದು ಅಂಥ ಗೋಡೆನೇ. ನಮ್ಮ ಕೊಟ್ಟಿಗೆ ಉತ್ತರದ ಗೋಡೆ ಹೊಟ್ಟೆ ಬಿಟ್ಟಿದೆ. ಸುಗ್ಗಿ ಮುಗಿದ ಮೇಲೆ ಕೆಡವಿ ಕಟ್ಟಿಸಬೇಕು, ಒಳ್ಳೇ ಗಾರೆಯವರು ಗೊತ್ತಿದ್ರೆ ಕೆಳಗೆ ತಿಳಿಸಿ.